ಕಪಿಲೆ ಉಕ್ಕಿದಾಗ ಕೂಗಿ ಹೇಳುವವರಾರು?

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಬಳಿ ಹೆದ್ದಾರಿ ಮುಳುಗಿ, ನಂಜನಗೂಡು-ಮೈಸೂರು ರಸ್ತೆ ಬಂದ್ ಆದದ್ದು ನೆನಪಿದೆಯಲ್ಲ? ಅಂಥ ಹೊತ್ತಲ್ಲಿ ಕರೆಂಟೂ ಮೊಬೈಲೂ ಕೈಕೊಟ್ಟರೆ, ಕೆಳಗಿನ ತಿ.ನರಸೀಪುರಕ್ಕೆ ‘ನೀರು ಬಂತು’ ಅಂತ ತಿಳಿಸೋರು ಯಾರು?

ಟವರ್ ಬೇಡದ, ಸೆಟ್‌ನಿಂದ ಸೆಟ್‌ಗೆ ನೇರ ಮಾತಾಡುವ ಹ್ಯಾಮ್ ರೇಡಿಯೋ ತಿಳಿಸೀತು. ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಐದು ವಾಟ್‌ನ ಕೈಸೆಟ್ಟಿನಿಂದ ಶುರು ಮಾಡಬಹುದು. ಆದರೆ ಅದರ ಗಿಡ್ಡ ಆಂಟೆನಾ ನಂಬಿದರೆ ಮಾತು ಊರು ದಾಟುವುದೇ ಕಷ್ಟ. ದುಬಾರಿ ಸೆಟ್ಟಿಗೆ ಹಾಕುವ ಕಾಸನ್ನು ಮಹಡಿ ಮೇಲೊಂದು ಆಂಟೆನಾಕ್ಕೆ, ಚಾರ್ಜಿಗೊಂದು 12 ವೋಲ್ಟ್ ಬ್ಯಾಟರಿಗೆ ಹಾಕಿ.

ಎಲ್ಲಕ್ಕೂ ಮೊದಲು ಕೇಂದ್ರ ಸರ್ಕಾರದ ಪರೀಕ್ಷೆ, ಲೈಸೆನ್ಸ್. 12 ತುಂಬಿದ ಮಕ್ಕಳೂ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ನೀರು ಬಾಗಿಲಿಗೆ ಬಂದ ಮೇಲೆ ಕಲೀತೀನಿ ಅಂದರೆ ಆದೀತೇ ಸ್ವಾಮಿ?