ಹನಿ ಬೀಳುವಲ್ಲಿ ತೂತಿಲ್ಲ

ಸೋರುವ ಮನೆ ನೋಡಲು ಬಂದವರು ಬಂದ ಕೂಡಲೇ ಏಣಿ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಎಲೆ ಅಡಿಕೆ. ಜಗಲಿಯಲ್ಲಿ ಕೂತು, ಎಲೆಯ ನಾರು ತೆಗೆದು, ಸುಣ್ಣ ಸವರಿ ಬಾಯಿಗಿಟ್ಟುಕೊಂಡ ಮೇಲೆ ಮೂರು ಪ್ರಶ್ನೆ ಹಾಕಿದರು. 'ಮಳೆ ಹಿಡಿದು ಎಷ್ಟು ಹೊತ್ತಿಗೆ ಹನಿ ಶುರುವಾಗ್ತದೆ? ಗಾಳಿ ಇಲ್ಲದ ಮಳೆಗೂ ಸೋರ್ತದಾ? ಮಳೆ ನಿಂತ ಮೇಲೆ ಎಷ್ಟು ಹೊತ್ತು ಇಳೀತದೆ?'

ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಮಳೆಗಾಲ ಆ ಹನಿಯ ಕೆಳಗೆ ಬೋಗುಣಿ ಇಟ್ಟು ಎತ್ತಿದ್ದೇನೆಯೇ ಹೊರತು ಗಡಿಯಾರ ನೋಡಿದವನಲ್ಲ. ಉತ್ತರ ಬಂದದ್ದು ಅಡುಗೆಮನೆಯಿಂದ, ಅಮ್ಮನದು. 'ಮಳೆ ಹಿಡಿದು ಒಂದು ಅನ್ನ ಬೇಯುವಷ್ಟು ಹೊತ್ತು ಏನೂ ಇಲ್ಲ ಆಚಾರ್ರೇ. ಆಮೇಲೆ ಶುರು. ಗಾಳಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಹೊಳವಾಗಿ ಬಿಸಿಲು ಬಂದ ಮೇಲೂ ಬೋಗುಣಿಗೆ ಬೀಳ್ತಾನೇ ಇರ್ತದೆ.'

'ಹಂಗಾದ್ರೆ ಹೆಂಚು ಒಡೆದಿಲ್ಲ ಅಮ್ಮ' ಎಂದರು ಆಚಾರ್ರು. ಇನ್ನೂ ಮಾಡಿನ ಕಡೆ ಕಣ್ಣೆತ್ತಿರಲಿಲ್ಲ.

ಒಡೆದ ಹೆಂಚಾಗಿದ್ದರೆ ಮಳೆ ಬಿದ್ದ ಗಳಿಗೆಯಲ್ಲೇ ಸೋರಬೇಕು, ಮಳೆ ಬಿಟ್ಟರೆ ತಾನೂ ಬಿಡಬೇಕು. ಗಾಳಿಮಳೆಗೆ ಮಾತ್ರ ಸೋರಿದರೆ ಹೆಂಚಿನ ಮೇಲೆ ಹೆಂಚು ಕೂರುವ ಜಾಗದಲ್ಲಿ ಸಂದಿದೆ, ಇಲ್ಲವೇ ಗೋಡೆಗೆ ಮಾಡು ತಾಗುವ ಕಡೆ ಬಿರುಕಿದೆ. ತಡವಾಗಿ ಶುರುವಾಗಿ ತಡವಾಗಿ ನಿಲ್ಲುವುದಾದರೆ ನೀರು ಎಲ್ಲೋ ನಿಂತು, ತುಂಬಿ, ಆಮೇಲೆ ಇಳಿಯುತ್ತಿದೆ. ಇಷ್ಟನ್ನು ಅವರು ನನಗೆ ಪಾಠದ ಹಾಗೆ ಹೇಳಲಿಲ್ಲ. ಎರಡು ದಿನ ಏಣಿ ಹಿಡಿದು ನಿಂತವನಿಗೆ ಬಿಡಿಬಿಡಿಯಾಗಿ ಸಿಕ್ಕಿದ್ದು.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಇಂಥ ಸೀಮೆಯಲ್ಲಿ ಮಾಡಿನ ಕೆಲಸ ಮನೆ ಕಟ್ಟುವಾಗ ಒಮ್ಮೆ ಮಾಡಿ ಮುಗಿಸುವಂಥದ್ದಾಗಿರಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮೊದಲ ಗುಡುಗಿಗೆ ಮುಂಚೆ, 'ಹೆಂಚು ಕೈಯಾಡಿಸುವುದು' ಎಂಬ ಕೆಲಸವಿತ್ತು. ಮಾಡಿನ ಮೇಲೆ ಹತ್ತಿ, ಸಾಲು ಸಾಲಾಗಿ ಹೆಂಚು ಎತ್ತಿ, ಅಡಿಯಲ್ಲಿ ಸೇರಿದ ತರಗೆಲೆ, ಮಣ್ಣು, ಇಲಿಗೂಡು ಗುಡಿಸಿ, ಒಡೆದದ್ದನ್ನು ಬದಲಿಸಿ, ಜಾರಿದ್ದನ್ನು ಸರಿ ಕೂರಿಸುವುದು. ಇದಕ್ಕೆಂದೇ ಊರಿಗೆ ಇಬ್ಬರು ಮೂವರು ಇರುತ್ತಿದ್ದರು. ಮಂಗಗಳ ಹಿಂಡು ಮಾಡಿನ ಮೇಲೆ ಹಾರಿ ಹೋದ ಮರುದಿನವೂ ಅವರಿಗೇ ಕರೆ. ಈಗ ನಮ್ಮ ಸುತ್ತ ಏಳೆಂಟು ಊರಿಗೆ ಇವರೊಬ್ಬರೇ, ಅವರಿಗೂ ಮಂಡಿನೋವು.

ಅವರ ಕೈಕೆಲಸ ಅರ್ಥವಾಗಬೇಕಾದರೆ ಹೆಂಚನ್ನು ಒಮ್ಮೆ ತಿರುಗಿಸಿ ನೋಡಬೇಕು. ನಮ್ಮ ಬಚ್ಚಲುಮನೆಯ ಹಿಂದೆ ಪೇರಿಸಿಟ್ಟ ಹಳೆಯ ಹೆಂಚುಗಳ ಬೆನ್ನಿನಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಎಂಬ ಇಂಗ್ಲಿಷ್ ಅಚ್ಚಿದೆ. ಹೆಂಚು ಅಷ್ಟು ಹಳೆಯದು ಎಂದು ನಾವೆಲ್ಲ ನೆಂಟರ ಮುಂದೆ ಬೀಗಿದ್ದುಂಟು. ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ಅದಕ್ಕೆ ಮೊದಲು ಇಲ್ಲಿ ಇದ್ದದ್ದು ಕುಂಬಾರರು ಕೈಯಲ್ಲಿ ಬಾಗಿಸಿ ಸುಡುತ್ತಿದ್ದ ನಾಡಹೆಂಚು, ಅದೂ ಇಲ್ಲದವರಿಗೆ ಅಡಿಕೆ ಸೋಗೆ ಅಥವಾ ಹುಲ್ಲು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ಉಪಾಯ ಯುರೋಪಿನದು. ಅಲ್ಸಾಸ್ ಸೀಮೆಯ ಜಿಲಾರ್ಡೋನಿ ಸಹೋದರರು 1841ರಲ್ಲೇ ಅಂಥದಕ್ಕೆ ಪೇಟೆಂಟ್ ಪಡೆದಿದ್ದರು. ಮಂಗಳೂರಿನ ಜೇಡಿಮಣ್ಣಿನಲ್ಲಿ ಅದು ನಮ್ಮದೇ ಆಗಿಹೋಯಿತು.

ಎರಡೂವರೆ ಕಿಲೋ ಆಸುಪಾಸು ತೂಗುವ ಈ ಹೆಂಚಿನ ಅಡಿಯಲ್ಲಿ, ಮೇಲಂಚಿಗೆ, ಎರಡು ಮೊಳೆಗಳಂಥ ಉಬ್ಬುಗಳಿವೆ. ಅವು ರೀಪಿಗೆ ಸಿಕ್ಕಿಕೊಳ್ಳುತ್ತವೆ. ಪಕ್ಕದಲ್ಲಿ ಸಣ್ಣ ಕಾಲುವೆ ಇದೆ, ನೆರೆಯ ಹೆಂಚಿನ ಅಂಚು ಅದರೊಳಗೆ ಕೂರುತ್ತದೆ. ಕೆಳಂಚು ಕೆಳಗಿನ ಹೆಂಚಿನ ತಲೆಯ ಮೇಲೆ ಹೊದ್ದುಕೊಳ್ಳುತ್ತದೆ. ಸಿಮೆಂಟಿಲ್ಲ, ಮೊಳೆಯಿಲ್ಲ. ಕಾಲುವೆಗೆ ನುಗ್ಗಿದ ನೀರು ಹರಿದು ಕೆಳಗಿನ ಹೆಂಚಿನ ಮೈಮೇಲೆ ಬೀಳುತ್ತದೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಸೂರಿನವರೆಗೆ. ಅಂದರೆ ಹೆಂಚಿನ ಮಾಡು ನೀರನ್ನು ತಡೆಯುವುದಿಲ್ಲ, ಬೇಗ ಸಾಗಹಾಕುತ್ತದೆ. ಅದಕ್ಕೇ ಇಳಿಜಾರು ಬೇಕು. ಅಡ್ಡಕ್ಕೆ ಒಂದಡಿ ಹೋದರೆ ಎತ್ತರಕ್ಕೆ ಏಳು ಇಂಚಾದರೂ ಏರಬೇಕು, ಅಂದರೆ ಮೂವತ್ತು ಡಿಗ್ರಿ. ನಮ್ಮಂಥ ಕಡೆ ಇನ್ನೂ ಒಂದಿಂಚು ಹೆಚ್ಚಿದ್ದರೆ ಒಳ್ಳೆಯದು.

ನಮ್ಮ ಮಾಡಿನ ಕತೆ ಕೆಟ್ಟದ್ದು ನಾಲ್ಕು ವರ್ಷದ ಹಿಂದೆ. ಮರದ ಪಕಾಸಿಗೆ ಗೆದ್ದಲು ಹಿಡಿದು, ಎಲ್ಲ ಕಿತ್ತು ಕಬ್ಬಿಣದ ಪೈಪಿನ ಮಾಡು ಮಾಡಿಸಿದೆವು. ಕೆಲಸ ಹಿಡಿದವರು ಹತ್ತು ದಿನದಲ್ಲಿ ಮುಗಿಸಿ ಕೊಟ್ಟರು, ನಾವೂ ಬೇಗ ಮುಗಿಯಿತಲ್ಲ ಎಂದು ಹಿಗ್ಗಿದೆವು. ಆ ವರ್ಷದ ಆರಿದ್ರಾ ಮಳೆಗೆ ಊಟದ ಕೋಣೆಯಲ್ಲಿ ಮೊದಲ ಹನಿ ಬಿತ್ತು. ಫೋನು ಮಾಡಿದರೆ ಹುಡುಗನೊಬ್ಬ ಬಂದು, ಹನಿ ಬೀಳುವ ಜಾಗದ ನೇರ ಮೇಲೆ ಮೂರು ಹೆಂಚು ಬದಲಿಸಿದ. ಎರಡನೇ ಸಲ ಬಂದವನ ಕೈಯಲ್ಲಿ ಸಿಲಿಕಾನಿನ ಗನ್ನಿತ್ತು. ಮೂರನೇ ಸಲ ಫೋನು ಎತ್ತಲಿಲ್ಲ. ಹೆಂಚಿನ ಸಂದಿಗೆ ಅಂಟು ಮೆತ್ತುವುದು ಚಿಕಿತ್ಸೆಯಲ್ಲ, ಅಪಚಾರ. ಹರಿದು ಹೋಗಬೇಕಾದ ನೀರಿಗೆ ಅದು ಕಟ್ಟೆ ಕಟ್ಟುತ್ತದೆ.

ಆಚಾರ್ರು ಅಟ್ಟಕ್ಕೆ ಹತ್ತಿದ್ದು ಮಳೆ ಸುರಿಯುತ್ತಿರುವಾಗಲೇ. 'ಸೋರಿಕೆ ನೋಡ್ಬೇಕಾದ್ದು ಮಳೆಯಲ್ಲಿ, ಕೆಲಸ ಮಾಡ್ಬೇಕಾದ್ದು ಬಿಸಿಲಲ್ಲಿ ಮಾರಾಯ್ರೆ.' ಮುಚ್ಚಿಗೆಯ ಹಲಗೆಯ ಮೇಲೆ ಮಂಡಿಯೂರಿ, ಟಾರ್ಚನ್ನು ಮೇಲಕ್ಕೆ ಹಿಡಿಯದೆ ಪೈಪಿನ ಮಗ್ಗುಲಿಗೆ ಅಡ್ಡ ಹಿಡಿದರು. ಹಾಗೆ ಹಿಡಿದಾಗ ಕಂಡಿತು: ಪೈಪಿನ ಹೊಟ್ಟೆಯಗುಂಟ ಒಂದು ಸಣ್ಣ ಹೊಳೆಯುವ ಗೆರೆ, ಅದರ ಎರಡೂ ಬದಿಗೆ ತುಕ್ಕಿನ ಕಂದು. ನೀರು ಪೈಪಿಗೆ ಅಂಟಿಕೊಂಡೇ ಇಳಿದು ಬಂದು, ವೆಲ್ಡಿಂಗಿನ ಗಂಟು ಸಿಕ್ಕಿದಲ್ಲಿ ಮುಂದೆ ಹೋಗಲಾಗದೆ ಹನಿಯಾಗಿ ಬೀಳುತ್ತಿತ್ತು. ಕೆಳಗೆ ಮುಚ್ಚಿಗೆಯ ಹಲಗೆಯ ಸಂದಿ. ಅದರ ಕೆಳಗೆ ನಮ್ಮ ಬೋಗುಣಿ.

ಅವರು ಆ ಗೆರೆಯ ಮೇಲೆ ಬೆರಳಿಟ್ಟು ಏರುದಿಕ್ಕಿಗೆ ಸರಿಯುತ್ತ ಹೋದರು. ಎರಡು ಕಡೆ ಗೆರೆ ಕವಲಾಯಿತು. ಒಂದು ಕವಲು ಒಣಗಿತ್ತು, ಅದನ್ನು ಬಿಟ್ಟರು. ಸೀಮೆಸುಣ್ಣದಲ್ಲಿ ಅಲ್ಲಲ್ಲಿ ಗುರುತು ಹಾಕುತ್ತ ಹೋಗಿ ಕೊನೆಗೆ ನಿಂತದ್ದು ಹನಿ ಬೀಳುವ ಜಾಗದಿಂದ ಒಂಬತ್ತಡಿ ಆಚೆ, ಹಳೆಯ ಮನೆಯ ಮಾಡೂ ಅಡುಗೆಮನೆಯ ಮಾಡೂ ಕೂಡುವ ಒಳಮೂಲೆಯಲ್ಲಿ. 'ಹನಿ ಯಾವಾಗ್ಲೂ ತೂತಿಗಿಂತ ಕೆಳಗೇ ಇರೋದು. ನಿಮ್ಮ ಹುಡುಗ ನೇರ ಮೇಲೆ ನೋಡಿದ. ನೀರಿಗೆ ನೇರ ಇಳಿಯೋ ಹಟ ಏನಿಲ್ಲ.'

ನಡುವೆ ಒಂದು ಮಾತು. ಹೆಂಚಿನ ಬದಲು ಬಣ್ಣದ ತಗಡು ಹೊದಿಸಿದ ಮನೆಯಾದರೆ ಮಳೆಯಿಲ್ಲದ ದಿನದ ಮುಂಜಾನೆಯೂ ಒಮ್ಮೆ ನೋಡಬೇಕು. ಚಳಿಗೆ ತಗಡಿನ ಒಳಮೈ ಬೆವರಿ ಹನಿ ಬೀಳುವುದುಂಟು. ಅಂಥ ಮನೆಯಲ್ಲಿ ಇಲ್ಲದ ತೂತು ಹುಡುಕಿ ದುಡ್ಡು ಕಳೆದವರಿದ್ದಾರೆ.

ಮರುದಿನ ಮಧ್ಯಾಹ್ನ ಹೊಳವಾಯಿತು. ಪಾಚಿಯ ಮೇಲೆ ಕಾಲು ಜಾರದಂತೆ ಗೋಣಿ ಹಾಸಿ, ಅಡಿಯಲ್ಲಿ ರೀಪು ಇರುವ ಕಡೆಯೇ ಪಾದ ಊರಿ, ಒಳಮೂಲೆಯ ಎರಡೂ ಬದಿಯ ಹೆಂಚು ತೆಗೆದರು. ನನ್ನನ್ನೂ ಏಣಿಯ ತುದಿಗೆ ಕರೆದು ತೋರಿಸಿದರು. ನೀರು ಹರಿಯಲೆಂದು ಹಾಕಿದ್ದ ತಗಡು ಮೂರು ತುಂಡು. ಕೆಲಸದವರು ಮೇಲಿನಿಂದ ಕೆಳಕ್ಕೆ ಹಾಕುತ್ತ ಬಂದಿದ್ದಾರೆ, ಹಾಗಾಗಿ ಪ್ರತಿ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಅಡಿಗೆ ಹೋಗಿದೆ. ಹರಿದು ಬಂದ ನೀರು ನೇರ ತಗಡಿನ ಅಡಿಗೇ ನುಗ್ಗಬೇಕು. ಅದು ಅವರಿಗೂ ಗೊತ್ತಾಗಿರಬೇಕು, ಜೋಡಣೆಗೆ ದಪ್ಪಗೆ ಸಿಲಿಕಾನ್ ಬಳಿದಿದ್ದರು. ಈಗ ಅದು ಒಣಗಿದ ಹಾಲಿನ ಕೆನೆಯಂತೆ ಎದ್ದು ನಿಂತಿತ್ತು. ತಗಡು ಒಂದಡಿ ಅಗಲ, ಅಂಚಿಗೆ ಮಡಿಕೆಯಿಲ್ಲ, ನಟ್ಟ ನಡುವೆ ಸಾಲಾಗಿ ಸ್ಕ್ರೂ. ಸಾಲದ್ದಕ್ಕೆ ಕತ್ತರಿಸಿದ ಹೆಂಚುಗಳು ಅಲುಗಾಡದಿರಲೆಂದು ಎರಡೂ ಬದಿಗೆ ಸಿಮೆಂಟು ಮೆತ್ತಿ, ನೀರು ಹೋಗಲು ಎರಡು ಬೆರಳು ಸಂದಿ ಬಿಟ್ಟಿದ್ದರು. ಅದರಲ್ಲಿ ಹಲಸಿನ ಎಲೆ ಸಿಕ್ಕಿ ಕೊಳೆತು ಕಟ್ಟೆಯಾಗಿತ್ತು. ಒಂದು ಅನ್ನ ಬೇಯುವಷ್ಟು ಹೊತ್ತು ಆ ಕಟ್ಟೆ ತುಂಬಲು ಬೇಕಾದ ಹೊತ್ತು.

ಹೊಸ ತಗಡು ಎರಡಡಿ ಅಗಲದ್ದು ಬಂತು. ಎರಡೂ ಅಂಚನ್ನು ಒಳಕ್ಕೆ ಮಡಿಸಿದರು. ಮಡಿಕೆ ದಾಟಿ ನೀರು ಪಕ್ಕಕ್ಕೆ ಹೋಗಲಾರದು. ಸೂರಿನಿಂದ ಶುರುಮಾಡಿ ಮೇಲಕ್ಕೆ ಹಾಕುತ್ತ, ಮೇಲಿನ ತುಂಡು ಕೆಳಗಿನದರ ಮೇಲೆ ಅರ್ಧ ಅಡಿ ಹೊದೆಯುವಂತೆ ಇಟ್ಟರು. ತಗಡಿನ ಮೈಗೆ ಒಂದೂ ತೂತು ಹೊಡೆಯಲಿಲ್ಲ, ಅಂಚಿನ ಮಡಿಕೆಗೆ ತಗಡಿನದೇ ಪಟ್ಟಿ ಸಿಕ್ಕಿಸಿ ಹಿಡಿಸಿದರು. ಕತ್ತರಿಸಿದ ಹೆಂಚುಗಳ ನಡುವೆ ಐದಿಂಚು ಜಾಗ, ಎಲೆ ಬಿದ್ದರೆ ನೀರಿನ ಜೊತೆಗೇ ಕೊಚ್ಚಿಹೋಗಲಿ ಎಂದು. ರೀಪಿಗೆ ಸಿಗದ ಸಣ್ಣ ತುಂಡುಗಳಿಗೆ ತೂತು ಕೊರೆದು ತಂತಿ ಕಟ್ಟಿದರು. ಸಿಮೆಂಟನ್ನು ಹತ್ತಿರ ಬಿಡಲಿಲ್ಲ. ಪೈಪಿನ ಮಾಡು ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ. ಸಿಮೆಂಟು ಎರಡಕ್ಕೂ ಬಗ್ಗದೆ ಸೀಳುತ್ತದೆ.

ಆಮೇಲೆ ಪರೀಕ್ಷೆ. ನಾನು ಉತ್ಸಾಹದಿಂದ ಪೈಪು ಹಿಡಿದು ಮಾಡಿನ ನೆತ್ತಿಗೆ ನೀರು ಬಿಡಹೋದೆ, ಗದರಿಸಿಕೊಂಡೆ. ಮೇಲಿನಿಂದ ನೀರು ಬಿಟ್ಟರೆ ಎಲ್ಲ ಕಡೆ ಒದ್ದೆಯಾಗಿ ಯಾವ ಜಾಗ ಸೋರಿತೆಂದು ತಿಳಿಯುವುದಿಲ್ಲ. ಕೆಳಗೆ ಸೂರಿನ ಹತ್ತಿರ ಹಿಡಿದು, ಕಾಲು ಗಂಟೆ ಕಾದು, ಅಟ್ಟದಲ್ಲಿ ಕೂತವರು 'ಹ್ಞಾಂ' ಎಂದ ಮೇಲೆ ಎರಡಡಿ ಮೇಲಕ್ಕೆ. ಸಂಜೆಯಾಯಿತು. ಅಟ್ಟ ಒಣಗೇ ಇತ್ತು.

ಕೆಲಸ ಮುಗಿಯಿತೆಂದುಕೊಂಡೆ. ಆಚಾರ್ರು ಪಡುವಣ ಕೋಣೆಯ ಗೋಡೆ ತೋರಿಸಿ 'ಇದೇನು ಕಲೆ?' ಎಂದರು. ಗಾಳಿಮಳೆಗೆ ಸ್ವಲ್ಪ ಎರಚಲು ಬರುತ್ತದೆ, ಅದು ಎಲ್ಲ ಮನೆಯಲ್ಲೂ ಇದ್ದದ್ದೇ ಅಂದೆ. 'ಎಲ್ಲ ಮನೇಲಿ ಇಲ್ಲ' ಎಂದು ಟೇಪು ತೆಗೆದು ರೀಪಿನ ಅಂತರ ಅಳೆದರು. ಇರಬೇಕಾದುದಕ್ಕಿಂತ ಮುಕ್ಕಾಲು ಇಂಚು ಹೆಚ್ಚು. ಪೈಪು ಕೂಡಿಸಿದವರು ಹೆಂಚು ಇಟ್ಟು ನೋಡಿಲ್ಲ. ಮಾಡಿನ ಉದ್ದವನ್ನು ಸಮನಾಗಿ ಭಾಗ ಮಾಡಿ ವೆಲ್ಡ್ ಮಾಡಿದ್ದಾರೆ. ಅಂತರ ಹೆಚ್ಚಾದಷ್ಟೂ ಹೆಂಚಿನ ಮೇಲೆ ಹೆಂಚಿನ ಹೊದಿಕೆ ಕಡಿಮೆ. ತೆಂಕು ಪಡುವಲ ಗಾಳಿ ಆ ಸಂದಿಯಲ್ಲಿ ನೀರನ್ನು ಮೇಲ್ಮುಖವಾಗಿ ನೂಕುತ್ತಿತ್ತು.

ಮರದ ಕಾಲದಲ್ಲಿ ಹೀಗಾಗುತ್ತಿರಲಿಲ್ಲವಂತೆ. ತಂದ ಹೆಂಚಿನಲ್ಲಿ ಹತ್ತನ್ನು ಅಂಗಳದಲ್ಲಿ ಕವುಚಿ ಹಾಕಿ ಒಂದಕ್ಕೊಂದು ಸಿಕ್ಕಿಸಿ, ಒಮ್ಮೆ ಪೂರ್ತಿ ಎಳೆದು ಅಳೆಯುವುದು, ಒಮ್ಮೆ ಪೂರ್ತಿ ಒತ್ತಿ ಅಳೆಯುವುದು. ಎರಡರ ನಡುವಿನ ಲೆಕ್ಕಕ್ಕೆ ಒಂದು ಅಳತೆ ಕೋಲು ಕಡಿದು, ಆ ಕೋಲಿನಲ್ಲೇ ರೀಪು ಹೊಡೆಯುವುದು. ಬೇರೆ ಕಾರ್ಖಾನೆಯ ಹೆಂಚು ಬಂದರೆ ಬೇರೆ ಕೋಲು, ಏಕೆಂದರೆ ಒಂದೊಂದರ ಅಚ್ಚೂ ಕೂದಲೆಳೆಯಷ್ಟು ಬೇರೆ. ಸೂರಿನ ಕೊನೆಯ ರೀಪನ್ನು ಮಾತ್ರ ಸ್ವಲ್ಪ ದಪ್ಪ ಇಡುತ್ತಾರೆ. ಅಲ್ಲಿನ ಹೆಂಚಿಗೆ ಕೆಳಗೆ ಒರಗಲು ಇನ್ನೊಂದು ಹೆಂಚಿಲ್ಲವಲ್ಲ.

ಆ ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ, ಜನವರಿಯಲ್ಲಿ ಆಯಿತು. ಪಡುವಣ ಮಾಡಿನ ಒಂಬೈನೂರು ಹೆಂಚು ಇಳಿಸಬೇಕಿತ್ತು, ಅಂದರೆ ಎರಡು ಟನ್ನಿಗೂ ಮೇಲೆ. ಆರು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಒಡೆದದ್ದು ಹದಿನೇಳು, ಅದರಲ್ಲಿ ಎಂಟು ನನ್ನ ಕೈಯಿಂದ. ರೀಪುಗಳನ್ನು ಕತ್ತರಿಸಿ ಹೊಸ ಅಂತರಕ್ಕೆ ವೆಲ್ಡ್ ಮಾಡಿದ್ದು ಪೇಟೆಯ ಹುಡುಗ. ಟೇಪನ್ನು ಅವನ ಕೈಯಿಂದ ತೆಗೆದು ಆಚಾರ್ರು ಕೋಲು ಕೊಟ್ಟರು. ಇಳಿಜಾರು ಮಾತ್ರ ಹಾಗೇ ಉಳಿಯಿತು, ಅಡಿಗೆ ಆರೂವರೆ ಇಂಚು. ಅದನ್ನು ಸರಿಮಾಡಬೇಕಾದರೆ ಮಾಡನ್ನೇ ಎತ್ತಬೇಕು, ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ.

ಕಿತ್ತ ಹಳೆಯ ತಗಡಿನ ಮೂರು ತುಂಡುಗಳನ್ನು ಆಚಾರ್ರು ಬಿಸಾಡಲು ಬಿಡಲಿಲ್ಲ. ಬಚ್ಚಲಿನ ಹಿಂದೆ ಸೌದೆ ರಾಶಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಹೊದಿಸಿ, ಹಾರದಂತೆ ಕಲ್ಲು ಹೇರಿ ಹೋದರು. ಈ ಸಲದ ಪುನರ್ವಸು ಮಳೆಗೆ ಸೌದೆ ಒಣಗಿತ್ತು.