ಟ್ವಿಲೈಟ್: ಮತ್ತೆ ಅದೇ ಊರು, ಅದೇ ಮಳೆ

ಸ್ಟೆಫನಿ ಮೆಯರ್ ಅವರ 'ಟ್ವಿಲೈಟ್' ಸರಣಿಯ ಆರು ದಪ್ಪ ಪುಸ್ತಕಗಳನ್ನೂ ನಾನು ಓದಿದ್ದೇನೆ. ಮೊದಲ ಎರಡನ್ನು ನಿದ್ದೆಗೆಟ್ಟು ಓದಿದೆ. ಕೊನೆಯದನ್ನು ಮುಗಿಸಲು ಬೇಸಿಗೆ ರಜೆ ಪೂರ್ತಿ ಬೇಕಾಯಿತು. ಅಷ್ಟು ಇಷ್ಟಪಟ್ಟ ಸರಣಿ ಏಕೆ ಸಪ್ಪೆಯಾಯಿತು?

ಓದದವರಿಗಾಗಿ ಕತೆ ಇಷ್ಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್, ಸದಾ ಮಳೆಯ ಪುಟ್ಟ ಊರು. ಅಪ್ಪನ ಜೊತೆ ಇರಲು ಅಲ್ಲಿಗೆ ಬರುವ ಬೆಲ್ಲಾ, ಸಹಪಾಠಿ ಎಡ್ವರ್ಡ್‌ನನ್ನು ಪ್ರೀತಿಸುತ್ತಾಳೆ. ಅವನು ರಕ್ತಪಿಶಾಚಿ, ಆದರೆ ಪ್ರಾಣಿಗಳ ರಕ್ತದಲ್ಲೇ ಬದುಕುವ ಕುಟುಂಬದವನು. 2005ರಿಂದ 2008ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಕಾದಂಬರಿಗಳು ಬಂದವು.

ಇಬ್ಬರೂ ಒಂದಾಗುತ್ತಾರೋ ಇಲ್ಲವೋ ಎಂಬ ತಳಮಳವೇ ಪ್ರೇಮಕತೆಯ ಜೀವ. ಮೊದಲ ಪುಸ್ತಕದಲ್ಲೇ ಒಂದಾದರೆ ಮುಂದೇನು? ಮತ್ತೆ ಅಗಲಿಸಬೇಕು. ಸಂಜೆಯ ಧಾರಾವಾಹಿ ನೋಡುವವರಿಗೆ ಇದು ಹೊಸದಲ್ಲ. 'ನ್ಯೂ ಮೂನ್'ನಲ್ಲಿ ಎಡ್ವರ್ಡ್ ಬಿಟ್ಟು ಹೋಗುತ್ತಾನೆ. ಆಮೇಲಿನ ಕೆಲವು ಪುಟಗಳಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಎಂಬ ಹೆಸರುಗಳಷ್ಟೇ ಇವೆ. ಬೆಲ್ಲಾಳ ದುಃಖವನ್ನು ಆ ಖಾಲಿ ಪುಟಗಳು ಹೇಳಿದಷ್ಟು ಚೆನ್ನಾಗಿ ಬೇರೆ ಯಾವ ಪುಟವೂ ಹೇಳಿಲ್ಲ. 'ಎಕ್ಲಿಪ್ಸ್'ನಲ್ಲಿ ಅಡ್ಡ ನಿಲ್ಲುವವನು ತೋಳವಾಗಬಲ್ಲ ಜೇಕಬ್. ಅವನನ್ನು ನೋಡಲು ಬೆಲ್ಲಾ ಹೋಗಬಾರದೆಂದು ಎಡ್ವರ್ಡ್ ಅವಳ ಗಾಡಿಯ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತಾನೆ! ಅಪಾಯ ಬರುತ್ತದೆ, ಅವಳ ಒಳ್ಳೆಯದಕ್ಕೆಂದು ಅವನೇ ತೀರ್ಮಾನಿಸುತ್ತಾನೆ, ಅವಳು ಸಿಟ್ಟಾಗಿ ಕ್ಷಮಿಸುತ್ತಾಳೆ. ಈ ಸುತ್ತು ಮುಗಿಯುವುದೇ ಇಲ್ಲ.

2015ರಲ್ಲಿ ಬಂದ 'ಲೈಫ್ ಆ್ಯಂಡ್ ಡೆತ್' ಮೊದಲ ಪುಸ್ತಕದ್ದೇ ಕತೆ. ಹುಡುಗಿಯ ಜಾಗದಲ್ಲಿ ಹುಡುಗ, ಹುಡುಗನ ಜಾಗದಲ್ಲಿ ಹುಡುಗಿ. ಬೆಲ್ಲಾ ಅಸಹಾಯಕಳಾದದ್ದು ಹುಡುಗಿಯೆಂದಲ್ಲ, ರಕ್ತಪಿಶಾಚಿಗಳ ನಡುವಿನ ಮನುಷ್ಯಳೆಂದು ಎಂಬುದು ಲೇಖಕಿಯ ವಾದ. ವಾದ ಒಪ್ಪಬಹುದು, ಆದರೆ ಅದಕ್ಕೆ ಒಂದಿಡೀ ಪುಸ್ತಕ ಬೇಕಿತ್ತೇ? ಕೊನೆಯನ್ನು ಮಾತ್ರ ಬದಲಿಸಿದ್ದಾರೆ.

2020ರ 'ಮಿಡ್‌ನೈಟ್ ಸನ್' ಅದೇ ಕತೆಯನ್ನು ಎಡ್ವರ್ಡ್‌ನ ಬಾಯಲ್ಲಿ ಹೇಳುತ್ತದೆ, 650ಕ್ಕೂ ಹೆಚ್ಚು ಪುಟಗಳಲ್ಲಿ. ಬೆಲ್ಲಾ ಮಲಗಿದಾಗ ಅವನು ಗುಟ್ಟಾಗಿ ಕೋಣೆಗೆ ಬಂದು ನೋಡುತ್ತಿದ್ದುದು ಮೊದಲ ಪುಸ್ತಕದಲ್ಲಿ ಅವಳಿಗೆ ಆಮೇಲೆ ತಿಳಿಯುವ ಸಂಗತಿ. ಇಲ್ಲಿ ನಾವೇ ಅವನ ಜೊತೆ ಕಿಟಕಿ ಹತ್ತಬೇಕು, ಅವನ ಸಮರ್ಥನೆಗಳನ್ನೆಲ್ಲ ಕೇಳಬೇಕು. ನನಗದು ಪ್ರೀತಿಯೆನಿಸಲಿಲ್ಲ, ಭಯವಾಯಿತು. ಅವನ ಮೌನ ಗುಟ್ಟಾಗಿದ್ದಾಗಲೇ ಚೆನ್ನಾಗಿತ್ತು.

ಆದರೂ ಪುಸ್ತಕ ಕೆಳಗಿಡಲಿಲ್ಲ. ಎಡ್ವರ್ಡ್‌ಗೆ ಬೆಲ್ಲಾಳೊಬ್ಬಳನ್ನು ಬಿಟ್ಟು ಉಳಿದವರ ಮನಸ್ಸಿನ ಮಾತು ಕೇಳಿಸುತ್ತದೆ. ಹಾಗಾಗಿ ಮೊದಲು ಹೆಸರಿಗಷ್ಟೇ ಇದ್ದ ಸಹಪಾಠಿಗಳು ಇಲ್ಲಿ ಮನುಷ್ಯರಾಗಿದ್ದಾರೆ. ಅದರಲ್ಲೂ ಏಂಜೆಲಾ, ಒಳಗೂ ಹೊರಗೂ ಒಂದೇ ರೀತಿ ಒಳ್ಳೆಯವಳಾದ ನಾಚಿಕೆಯ ಹುಡುಗಿ. ಮೆಯರ್ ಮತ್ತೆ ಫೋರ್ಕ್ಸ್‌ಗೆ ಮರಳಿದರೆ ಓದುತ್ತೇನೆಯೇ? ಏಂಜೆಲಾಳ ಕತೆಯಾದರೆ, ಬಿಡುಗಡೆಯ ದಿನವೇ.