ಮಕ್ಕಳ ಬೊಜ್ಜಿಗೆ ಬಡಾವಣೆಯೂ ಹೊಣೆ

ಮಗುವಿನ ತೂಕ ಮಿತಿ ಮೀರಿದರೆ ದೂರು ಮೊದಲು ಹೋಗುವುದು ಮನೆಯ ಅಡುಗೆಗೆ, ಬಳಿಕ ಮಗುವಿನ ಬಾಯಿಚಪಲಕ್ಕೆ. ಮನೆಯಿಂದ ಶಾಲೆಯವರೆಗಿನ ಹಾದಿಯನ್ನು ವಿಚಾರಿಸುವವರು ವಿರಳ. ಆದರೆ ಮಗು ಏನು ತಿನ್ನುತ್ತದೆ, ಎಷ್ಟು ಓಡಾಡುತ್ತದೆ ಎಂಬುದರಲ್ಲಿ ಆ ಹಾದಿಯ ಪಾಲೂ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 5ರಿಂದ 19 ವರ್ಷದವರಲ್ಲಿ ಅಧಿಕ ತೂಕದವರ ಪ್ರಮಾಣ 1990ರಲ್ಲಿ ಶೇ 8ರಷ್ಟಿತ್ತು. 2022ರಲ್ಲಿ ಅದು ಶೇ 20ಕ್ಕೇರಿತು. ಭಾರತದಲ್ಲಿಯೂ ಐದು ವರ್ಷದೊಳಗಿನ ಮಕ್ಕಳಲ್ಲಿ 2015-16ರಲ್ಲಿ ಶೇ 2.1ರಷ್ಟಿದ್ದ ಈ ಪ್ರಮಾಣ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 3.4ಕ್ಕೆ ತಲುಪಿತ್ತು. ಇಷ್ಟು ಅಲ್ಪಾವಧಿಯಲ್ಲಿ ವಂಶವಾಹಿಗಳು ಬದಲಾಗಲಾರವು. ಬದಲಾದುದು ಮಕ್ಕಳ ಆಹಾರ, ದಿನಚರಿ ಮತ್ತು ಸುತ್ತಲಿನ ಪರಿಸರ.

ಓಡಲು ಜಾಗವೆಲ್ಲಿ?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಾದಚಾರಿ ಮಾರ್ಗ ಕಿತ್ತುಹೋಗಿದ್ದು, ವಾಹನಗಳ ಭರಾಟೆ ಹೆಚ್ಚಿದ್ದರೆ ಪೋಷಕರು ಮಗುವನ್ನು ನಡೆದುಹೋಗಲು ಬಿಡರು. ಶಾಲಾ ವಾಹನವೇ ಗತಿ. ಸಂಜೆ ಉದ್ಯಾನಕ್ಕೆ ಹೋದರೆ ಹಲವೆಡೆ ಚೆಂಡಾಟಕ್ಕೆ ಅವಕಾಶವಿಲ್ಲ. ಶಾಲೆಗೆ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆಯಾದರೂ, ಇಕ್ಕಟ್ಟಾದ ನಗರ ಬಡಾವಣೆಗಳಲ್ಲಿ ಮೈದಾನವಿಲ್ಲದ ಶಾಲೆಗಳಿಗೆ ಕೊರತೆಯಿಲ್ಲ.

ಗೇಟಿನಾಚೆಯ ತಿನಿಸು

ಶಾಲೆ ಬಿಟ್ಟೊಡನೆ ಎದುರಾಗುವುದು ಬೇಕರಿ, ಕರಿದ ತಿಂಡಿ, ಐದು ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ. ಅದೇ ಹಣಕ್ಕೆ ಹಣ್ಣು ದೊರೆಯುವುದು ಕಷ್ಟ. ಇದನ್ನು ಮನಗಂಡೇ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ನಿಯಮ ರೂಪಿಸಿತು. ಅದರಂತೆ ಕೊಬ್ಬು, ಸಕ್ಕರೆ ಅಥವಾ ಸೋಡಿಯಂ ಅಧಿಕವಾಗಿರುವ ಪದಾರ್ಥಗಳನ್ನು ಶಾಲಾ ಕ್ಯಾಂಟೀನ್‌ನಲ್ಲಿಯಾಗಲಿ, ಗೇಟಿನಿಂದ 50 ಮೀಟರ್ ವ್ಯಾಪ್ತಿಯಲ್ಲಾಗಲಿ ಮಕ್ಕಳಿಗೆ ಮಾರುವಂತಿಲ್ಲ.

ಹಾಗೆಂದು ಅಂಗಡಿ ಹತ್ತಿರವಿರುವುದೊಂದೇ ಬೊಜ್ಜಿಗೆ ಕಾರಣವಲ್ಲ. ಈ ಕುರಿತ ಅಧ್ಯಯನಗಳ ಫಲಿತಾಂಶ ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾಗಿಲ್ಲ. ಅನುವಂಶೀಯತೆ, ನಿದ್ರೆ, ಟಿವಿ ಹಾಗೂ ಮೊಬೈಲ್ ವೀಕ್ಷಣೆ, ಕುಟುಂಬದ ಆದಾಯ ಇವೆಲ್ಲವೂ ಜೊತೆಗೂಡುತ್ತವೆ. ಆದರೆ ಇವುಗಳ ಪೈಕಿ ಅನುವಂಶೀಯತೆಯನ್ನು ಬದಲಿಸುವುದು ಯಾರ ಕೈಯಲ್ಲಿಯೂ ಇಲ್ಲ; ಬೀದಿ, ಮೈದಾನಗಳನ್ನು ಸರಿಪಡಿಸುವುದು ಆಡಳಿತದ ಕೈಯಲ್ಲಿದೆ.

ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ತಮ್ಮ ಬಡಾವಣೆಯ ಮೈದಾನ ಉಳಿದಿದೆಯೇ, ಶಾಲೆಯ ಸುತ್ತ 50 ಮೀಟರ್ ನಿಯಮ ಪಾಲನೆಯಾಗುತ್ತಿದೆಯೇ ಎಂದು ಸ್ಥಳೀಯ ಸಂಸ್ಥೆಯನ್ನು ಪ್ರಶ್ನಿಸುವ ಹಕ್ಕು ಪ್ರತಿ ಪೋಷಕರಿಗೂ ಇದೆ.